ಗುಂಡು ಹೋಗಲಿ, ಮೀನು ಬರಲಿ

ಔರೆಲಿಯಾನೊ ಫರ್ಟಾಡೊ ಎಂಬತ್ತಕ್ಕೆ ಕಾಲಿಡುವ ವಾರದಲ್ಲಿ ಅವರ ಅಳಿಯ ಹೊರೇಸನ ಮರ್ಯಾದೆ ಮೂರು ಕಾಸಿಗೆ ಹೋಯಿತು, ಅದೂ ಒಂದು ಮೀನಿನ ದೆಸೆಯಿಂದ.

ಹುಟ್ಟುಹಬ್ಬಕ್ಕೆ ಏನು ಬೇಕೆಂದು ಮಗಳು ನಟಾಲಿಯಾ ಕೇಳಿದ್ದಕ್ಕೆ ಮುದುಕರು ಕೇಕಿನ ಮಾತೇ ಎತ್ತಲಿಲ್ಲ. ಟಾಟಾಗ್ ಮೀನಿನ ತಲೆ ಹಾಕಿ ಕುದಿಸಿದ ‘ಕಲ್ದೆರಾದ’ ಎಂಬ ಪೋರ್ಚುಗೀಸ್ ಮೀನಿನ ಸಾರು ಬೇಕು, ಅದಿಲ್ಲದಿದ್ದರೆ ತಾನು ಎಪ್ಪತ್ತೊಂಬತ್ತರಲ್ಲೇ ಇರುತ್ತೇನೆ ಎಂದುಬಿಟ್ಟರು. ಹೊರೇಸ್ ಒಂದು ವಾರ ಮುಂಚೆಯೇ ಮಾವನನ್ನು ಸಮಾಧಾನಪಡಿಸಲು ಹೋಗಿ, ಅಂಗಡಿಯಿಂದ ಕಾಡ್ ಮೀನು ತಂದು, ತಾನೇ ಬಂಡೆ ಮೇಲೆ ಕೂತು ಹಿಡಿದದ್ದೆಂದು ಬಡಿಸಿದ.

ಮುದುಕರು ಚಮಚದಿಂದ ಬಟ್ಟಲನ್ನೆಲ್ಲ ಜಾಲಾಡಿದರು. "ತಲೆ ಎಲ್ಲಪ್ಪಾ?"

"ತಲೆ ಅಂಗಡಿಯೋನೇ ಇಟ್ಕೊಂಡ, ಮಾವ."

ಮಾತು ಬಾಯಿಂದ ಜಾರಿದ ಮೇಲೆ ಹೊರೇಸನಿಗೆ ಅರಿವಾಯಿತು. ಮಾವ ಬೈಯಲಿಲ್ಲ. ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ಬಟ್ಟಲ ಪಕ್ಕ ಇಟ್ಟು, "ಟಾಟಾಗಿಗೆ ಮನುಷ್ಯರ ಹಾಗೆ ಹಲ್ಲಿರುತ್ತೆ. ಈ ಮೀನಿಗೆ ಹಲ್ಲಿಲ್ಲ, ನನಗೂ ಇಲ್ಲ. ನಾವಿಬ್ರೂ ಮುಖ ಮುಖ ನೋಡ್ಕೊಂಡು ಏನು ಮಾಡೋಣ?" ಎಂದು ಎದ್ದುಹೋದರು. ಅಂದಿನಿಂದ ಹೊರೇಸ್ ಕೋಣೆಗೆ ಬಂದರೆ ಮುದುಕರು ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು.

ಹೊರೇಸ್ ಮೆಡೈರೋಸ್ ಚಳಿಗಾಲದಲ್ಲಿ ಊರಿನ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಐವತ್ಮೂರು ವಯಸ್ಸು, ಅದಕ್ಕೆ ತಕ್ಕ ಹೊಟ್ಟೆ. ಅವನು ಹೆಂಡತಿಯ ತಮ್ಮ ಲಯೊನೆಲನನ್ನು ಕರೆದುಕೊಂಡು ಹುಟ್ಟುಹಬ್ಬದ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಸಮುದ್ರಕ್ಕೆ ಚಾಚಿದ ಸಕೋನೆಟ್ ತುದಿಯ ಬಂಡೆಗಳ ಮೇಲಿದ್ದ. ನವೆಂಬರಿನ ಗಾಳಿ ಕಿವಿ ಕೊಯ್ಯುತ್ತಿತ್ತು. ನಟಾಲಿಯಾ ಕೇಕ್ ತರಲು ವ್ಯಾನ್ ಒಯ್ದಿದ್ದರಿಂದ ಇಬ್ಬರೂ ಬಂದದ್ದು ಲಯೊನೆಲನ ಕಾರಿನಲ್ಲಿ. ಟೈಲ್ಸ್ ಹಾಕುವ ಕೆಲಸದ ಲಯೊನೆಲನ ಬಾಯಿ ಒಂದು ನಿಮಿಷವೂ ಸುಮ್ಮನಿರುತ್ತಿರಲಿಲ್ಲ.

"ಏಡಿನ ಗಾಳಕ್ಕೆ ಇಡಿಯಾಗಿ ಚುಚ್ಬೇಕು, ಭಾವ. ಚಿಪ್ಪು ಒಡೆಯೋ ಶಕ್ತಿ ಇರೋ ದೊಡ್ಡದು ಮಾತ್ರ ಬರುತ್ತೆ."

"ನಿನ್ನ ದೊಡ್ಡದು ಬರೋ ಹೊತ್ತಿಗೆ ನಿಮ್ಮಪ್ಪನಿಗೆ ತೊಂಬತ್ತಾಗಿರುತ್ತೆ. ಅರ್ಧ ಮಾಡು, ರಸ ನೀರಿಗೆ ಬಿಡ್ಲಿ. ಮೂಗಿರೋದೆಲ್ಲ ಬರುತ್ತೆ."

ಮೂಗಿರುವುದೆಲ್ಲ ಬಂತು. ಬೆರಳುದ್ದದ ಕಳ್ಳ ಮೀನುಗಳು ಹೊರೇಸನ ಅರ್ಧ ಏಡಿಗಳನ್ನು ಕ್ಷಣದಲ್ಲಿ ಉಜ್ಜಿ ತೊಳೆದ ತಟ್ಟೆಯಂತೆ ಖಾಲಿ ಮಾಡಿದವು. ಲಯೊನೆಲನ ಇಡೀ ಏಡಿಯನ್ನು ಒಂದು ಟಾಟಾಗ್ ಹಿಡಿಯಿತು, ಅದು ಹದಿನೈದೂವರೆ ಇಂಚು. ಹದಿನಾರಕ್ಕೆ ಕಡಿಮೆ ಇದ್ದರೆ ಕಾನೂನಿನಂತೆ ನೀರಿಗೆ ಬಿಡಬೇಕು.

"ಬಾಲ ಸ್ವಲ್ಪ ಎಳೀ, ಭಾವ. ನಾನು ತಲೆ ಹಿಡ್ಕೋತೀನಿ."

"ಎಳೆಯೋಕೆ ಅದೇನು ಸಾಕ್ಸಾ? ಬಿಡೋ."

ಮೀನನ್ನು ಬಿಟ್ಟರು. ಆಮೇಲೆ ಕಷ್ಟ ಶುರುವಾಯಿತು. ಲಯೊನೆಲ್ ತಂದಿದ್ದದ್ದು ಸೀಸದ ತಲೆಗೇ ಗಾಳ ಎರಕ ಹೊಯ್ದ ಬಗೆ. ಅದು ಬಂಡೆ ಸಂದಿಗೆ ಸಿಕ್ಕಿದರೆ ಗಾಳ, ಏಡಿ, ಸೀಸ ಎಲ್ಲವೂ ಒಟ್ಟಿಗೆ ಸಮುದ್ರಪಾಲು. ಒಂಬತ್ತು ಗಂಟೆಯೊಳಗೆ ಆರಕ್ಕೆ ಆರೂ ಹೋಗಿ, ಅವನು ಕೈಕಟ್ಟಿ ಕೂತು ಸಲಹೆ ಕೊಡುವ ಕೆಲಸ ಹಿಡಿದ.

ಹೊರೇಸನದು ಬೇರೆ ಲೆಕ್ಕ. ಮೇಲೆ ಗಾಳ, ಅದರ ಕೆಳಗೆ ಒಂದು ಗೇಣು ಬಡಕಲು ನೂಲು, ನೂಲಿನ ತುದಿಗೆ ಸೀಸದ ಗುಂಡು. ಗುಂಡು ಕಲ್ಲಿಗೆ ಸಿಕ್ಕಿಕೊಂಡರೆ ನೂಲು ಪಟ್ಟನೆ ಕಡಿಯುತ್ತದೆ, ಗಾಳ ಉಳಿಯುತ್ತದೆ. "ಗುಂಡು ಹೋಗಲಿ, ಮೀನು ಬರಲಿ" ಎಂದು ಪ್ರತಿ ಸಲವೂ ಹೇಳಿ ಅವನು ಹೊಸ ಗುಂಡು ಕಟ್ಟುತ್ತಿದ್ದ. ಇಪ್ಪತ್ತು ವರ್ಷದ ಅಭ್ಯಾಸ; ಕೈ ತಾನಾಗಿ ಕಟ್ಟುತ್ತಿತ್ತು, ಬಾಯಿ ತಾನಾಗಿ ಹೇಳುತ್ತಿತ್ತು. ಹತ್ತೂವರೆಗೆ ಅವನ ಹದಿನೆಂಟು ಗುಂಡುಗಳೂ ಹೋಗಿದ್ದವು, ಮೀನು ಬಂದಿರಲಿಲ್ಲ.

ಆಗಲೇ ಕೆಳಗಿನ ಕಪ್ಪು ನೀರಿನಲ್ಲಿ ಹಲಗೆಯಂಥದ್ದೊಂದು ಮಗ್ಗುಲಾಯಿತು. ಬಿಳಿ ಗದ್ದ, ದಪ್ಪ ತುಟಿ. ಇಬ್ಬರೂ ನೋಡಿದರು.

"ಭಾವ."

"ಕಂಡೆ. ಜೇಬಲ್ಲಿ ಏನಿದೆ?"

ಲಯೊನೆಲನ ಜೇಬಿನಲ್ಲಿ ಎರಡು ನಟ್ಟುಗಳಿದ್ದವು. ಅವನ್ನು ಒಟ್ಟಿಗೆ ಕಟ್ಟಿ ಬಿಟ್ಟರು, ಸಿಕ್ಕಿಕೊಂಡು ಹೋದವು. ಹೊರೇಸ್ ಬೆಲ್ಟ್ ಬಿಚ್ಚಿದ. ಅದರ ಹಿತ್ತಾಳೆ ಬಕಲ್ ಲಾರಿ ಓಡಿಸುವವರ ಸ್ಪರ್ಧೆಯಲ್ಲಿ ಅವನಿಗೆ ಬಂದ ಬಹುಮಾನ. ಹಿಮ ತಳ್ಳುವ ಲಾರಿಯ ಚಿತ್ರವಿದ್ದ ಆ ಬಕಲ್ ಒಂದೇ ಎಸೆತಕ್ಕೆ ಜಲಸಮಾಧಿಯಾಯಿತು. ಅಲ್ಲಿಂದ ಮುಂದೆ ಅವನ ಒಂದು ಕೈ ಪ್ಯಾಂಟಿಗೇ ಮೀಸಲು.

ಡಬ್ಬಿಯಲ್ಲಿ ಉಳಿದದ್ದು ಒಂದೇ ಹಸಿರು ಏಡಿ. ಅದರ ಕಾಲು ಕತ್ತರಿಸಬೇಕೋ ಬೇಡವೋ ಎಂದು ಮತ್ತೆ ಜಗಳವಾಗಿ, ಕೊನೆಗೆ ರಾಜಿಯಾಯಿತು. ಎಡಗಡೆಯ ಕಾಲುಗಳನ್ನು ಹೊರೇಸ್ ಕತ್ತರಿಸಿದ, ಬಲಗಡೆಯವನ್ನು ಲಯೊನೆಲನ ಪಾಲೆಂದು ಕತ್ತರಿಸದೆ ಬಿಟ್ಟ.

"ಭಾರಕ್ಕೇನು ಕಟ್ಟೋದೀಗ?"

ಲಯೊನೆಲ್ ಒಳಜೇಬಿನಿಂದ ಬೀಗದ ಕೈಗಳ ಗೊಂಚಲು ತೆಗೆದ. ಏಳು ಕೀಲಿ, ಒಂದು ಕಬ್ಬಿಣದ ಲಂಗರಿನ ಬೊಂಬೆ. "ಎಷ್ಟು ತೂಕ ನೋಡು. ಹೇಳಿ ಮಾಡಿಸಿದ ಹಾಗಿದೆ."

"ಕಾರಿಂದೂ ಇದ್ರಲ್ಲೇ ಇದೆಯಲ್ಲೋ."

"ಒಂದೇ ಸಲ, ಭಾವ. ಗಟ್ಟಿಯಾಗಿ ಕಟ್ಟು, ಅಷ್ಟೆ. ಅಪ್ಪ ಗೋಡೆ ಕಡೆ ತಿರುಗಿ ಕೂತಿರೋದು ನಂಗೆ ನೋಡೋಕಾಗ್ತಿಲ್ಲ."

ಹೊರೇಸ್ ಕಟ್ಟಿದ. ಕಣ್ಣು ಆ ಬಿಳಿ ಗದ್ದದ ಮೇಲೇ ಇತ್ತು.

ಗೊಂಚಲು ಜಲ್ಲೆಂದು ತಳ ಮುಟ್ಟಿತು. ದಾರದಲ್ಲಿ ಟಕ್ ಎಂದಿತು. "ಎಳೀಬೇಡ," ಎಂದ ಲಯೊನೆಲ್ ಪಿಸುಗುಟ್ಟಿ, "ಚಿಪ್ಪು ಒಡೀತಿದೆ." ಮತ್ತೆ ಟಕ್. ಮೂರನೆಯ ಸಲ ಟಕ್ ಎನ್ನಲಿಲ್ಲ. ಯಾರೋ ನೆಲಮಾಳಿಗೆಯ ಬಾಗಿಲು ಎಳೆದುಕೊಂಡಂತೆ ದಾರ ಕೆಳಕ್ಕೆ ಹೋಯಿತು. ಹೊರೇಸ್ ಪ್ಯಾಂಟಿನ ಆಸೆ ಬಿಟ್ಟು ಎರಡೂ ಕೈಯಿಂದ ಗಾಳದ ಕೋಲು ಎತ್ತಿದ. ಪ್ಯಾಂಟು ಮೊಣಕಾಲಿಗೆ ಇಳಿಯಿತು. ಮೀನು ತನ್ನ ಬಿಲದ ಕಡೆ, ಅವನು ತನ್ನ ಕಡೆ. ನಡುವೆ ಇದ್ದಕ್ಕಿದ್ದಂತೆ ಎಲ್ಲ ನಿಂತುಹೋಯಿತು.

"ಕಲ್ಲಿಗೆ ಸಿಕ್ಕಿಕೊಂಡಿತು," ಎಂದ ಹೊರೇಸ್ ಹಲ್ಲು ಕಚ್ಚಿ, ಬೆನ್ನು ಬಗ್ಗಿಸಿ ಒಂದೇ ಎಳೆತ ಎಳೆದ. ಕೆಳಗೆ ಏನೋ ಪಟ್ಟೆಂದಿತು. ದಾರ ಸಡಿಲಾಗಿ, ಮೀನು ಮೇಲಕ್ಕೆ ಬಂತು. ಲಯೊನೆಲ್ ಬಂಡೆ ಮೇಲೆ ಬೋರಲು ಬಿದ್ದು ಎರಡೂ ತೋಳಿನಿಂದ ಅದನ್ನು ತಬ್ಬಿಕೊಂಡ. ಕಮ್ಮಿಯೆಂದರೂ ಒಂಬತ್ತು ಪೌಂಡು. ಸಿಂಬಳದಂಥ ಲೋಳೆ ಅವನ ಗಡ್ಡಕ್ಕೆಲ್ಲ ಮೆತ್ತಿತು. ಇಬ್ಬರೂ ಮೀನನ್ನು ನಡುವೆ ಇಟ್ಟುಕೊಂಡು ಅಪ್ಪಿಕೊಂಡರು.

"ಗುಂಡು ಹೋಗಲಿ," ಎಂದ ಹೊರೇಸ್ ಏದುಸಿರಿನಲ್ಲಿ, "ಮೀನು ಬರಲಿ."

ಲಯೊನೆಲ್ ದಾರದ ತುದಿ ಹಿಡಿದು ನೋಡಿದ. ಗೇಣುದ್ದದ ನೂಲಿನಲ್ಲಿ ಬೆರಳುದ್ದ ಉಳಿದಿತ್ತು.

"ಭಾವ, ಗಟ್ಟಿಯಾಗಿ ಕಟ್ಟು ಅಂದಿದ್ನಲ್ಲ."

"ಗಂಟು ಗಟ್ಟಿಯಾಗೇ ಇತ್ತು ಕಣೋ. ನೂಲೇ ಹಂಗಿತ್ತು."

ಸಮುದ್ರದ ಭರತ ಏರುತ್ತಿತ್ತು. ಕೀಲಿ ಬಿದ್ದ ಸಂದಿಯ ಮೇಲೆ ಆಗಲೇ ಆಳೆತ್ತರದ ನೀರು. ಫೋನುಗಳು ಕಾರಿನೊಳಗಿದ್ದವು, ಒಡೆಯನ ಜಾಗ್ರತೆಗೆ ಕಾರಿಗೆ ಚೆನ್ನಾಗಿ ಬೀಗ ಬಿದ್ದಿತ್ತು.

"ಇನ್ನೊಂದು ಕೀಲಿ?"

ಲಯೊನೆಲ್ ಸಮುದ್ರದ ಕಡೆ ನೋಡಿದ. "ಬರ್ನಾಡೆಟ್ ಹತ್ರ ಇದೆ."

ಬರ್ನಾಡೆಟ್ ಅವನ ಹೆಂಡತಿ. ಊರಿನವರ ಮನೆಗಳಿಗೆಲ್ಲ ಟೈಲ್ಸ್ ಹಾಕಿ, ಸ್ವಂತ ಅಡುಗೆಮನೆಯ ನೆಲ ಅರ್ಧಕ್ಕೆ ಕಿತ್ತು ಒಂದೂವರೆ ವರ್ಷ ಹಾಗೇ ಬಿಟ್ಟಿದ್ದನೆಂದು ಏಪ್ರಿಲ್‌ನಲ್ಲಿ ಅವನನ್ನು ಹೊರಗೆ ಹಾಕಿದ್ದಳು. ಅಂದಿನಿಂದ ಅವನು ಅಪ್ಪನ ಸೋಫಾದ ಮೇಲೆ ಮಲಗುತ್ತಿದ್ದ. ಅವಳ ಮನೆ ಅಲ್ಲಿಂದ ಎರಡು ಮೈಲಿ.

ಬಂಡೆ ಮೇಲೆ ಜಾರದಿರಲೆಂದು ಇಬ್ಬರ ಬೂಟಿಗೂ ಮೊಳೆಗಳಿದ್ದವು. ಡಾಂಬರಿನ ಮೇಲೆ ಅವು ಕುದುರೆಗಾಡಿ ಹೋದಂತೆ ಸದ್ದು ಮಾಡಿದವು. ಕಿವಿರಿನಿಂದ ಬಾಯಿಗೆ ಹಗ್ಗ ತೂರಿಸಿ ಮೀನನ್ನು ಕೋಲಿಗೆ ನೇತುಹಾಕಿ, ಮುಂದೆ ಲಯೊನೆಲ್, ಹಿಂದೆ ಒಂದು ಕೈಯಲ್ಲಿ ಪ್ಯಾಂಟು ಹಿಡಿದ ಹೊರೇಸ್. ಚರ್ಚಿನ ಹೆಂಗಸೊಬ್ಬಳು ಕಾರು ನಿಧಾನಿಸಿ ಕಿಟಕಿ ಇಳಿಸಿದಳು.

"ಯಾರನ್ನ ಹೂಳೋಕೆ ಹೊರಟಿದ್ದೀರಪ್ಪ?"

"ಯಾರೂ ಸತ್ತಿಲ್ಲಮ್ಮ, ಹುಟ್ಟುಹಬ್ಬ," ಎಂದ ಹೊರೇಸ್. ಹತ್ತಿಸಿಕೊಳ್ಳುತ್ತಾಳೆಂದು ಆಸೆಪಟ್ಟ. ಅವಳು ಲೋಳೆ ನೋಡಿ ಕಿಟಕಿ ಏರಿಸಿದಳು.

ಬರ್ನಾಡೆಟ್ ಬಾಗಿಲು ತೆರೆದವಳು ಗಂಡನನ್ನು ನೋಡಲೇ ಇಲ್ಲ. ಮೊದಲು ಮೀನನ್ನು, ಆಮೇಲೆ ಹೊರೇಸನ ಪ್ಯಾಂಟನ್ನು ನೋಡಿದಳು.

"ಏನಣ್ಣ ಇದು ಅವತಾರ?"

ಹೊರೇಸ್ ಎಲ್ಲ ಹೇಳಿದ. ಹೇಳುತ್ತಾ ಹೋದಂತೆ ತಾನೇ ಕೇಳಿದರೂ ನಂಬುವ ಕಥೆಯಲ್ಲ ಎನಿಸಿತು. ಬರ್ನಾಡೆಟ್‌ಳ ಅಪ್ಪ ಮೀನುಗಾರ. ಅವಳು ನಗದೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು. "ಕೀಲಿಗೆ ಆ ನೂಲು ಕಟ್ಟಿದವರು ಯಾರು?"

"ನಾನೇ."

"ಕಟ್ಟೋಕೆ ಕೀಲಿ ಕೊಟ್ಟವರು?"

"ನಾನು," ಎಂದ ಲಯೊನೆಲ್ ಬೂಟು ನೋಡುತ್ತಾ.

"ಸರಿ. ಕಾರಿನ ಕೀಲಿ ಕೊಡ್ತೀನಿ. ಆದ್ರೆ ಮೀನು ನನ್ನ ಒಲೆ ಮೇಲೆ ಬೇಯ್ಬೇಕು. ನಿಮ್ಮ ಕೈಗೆ ಕೊಟ್ರೆ ಮಾವನವರ ಬಾಯಿಗೆ ಹೋಗೋದ್ರೊಳಗೆ ಇದನ್ನೂ ಏನಕ್ಕಾದ್ರೂ ಕಟ್ಟಿ ನೀರಿಗೆ ಬಿಡ್ತೀರಿ." ಆಮೇಲೆ ಗಂಡನ ತಲೆ ಮೇಲಿಂದ ಗೋಡೆಗೆ ಹೇಳುವಂತೆ ಹೇಳಿದಳು, "ಅದು ಬೇಯೋ ತನಕ ಅಡುಗೆಮನೆ ನೆಲದಲ್ಲಿ ಕೆಲಸ ಇದೆ. ಸಾಮಾನೆಲ್ಲ ಇಟ್ಟಲ್ಲೇ ಇದೆ, ಎರಡು ವರ್ಷದಿಂದ."

ಅಲ್ಲಿಂದ ಮೂರು ಗಂಟೆ ಹೊರೇಸ್ ಕಂಡದ್ದನ್ನು ಅವನು ಈಗಲೂ ಸಂತೋಷದಿಂದ ಹೇಳುತ್ತಾನೆ. ಅವನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, ಸೊಂಟಕ್ಕೆ ಒಂದು ಏಪ್ರನ್ ದಾರ ಬಿಗಿದು, ಆಲೂಗಡ್ಡೆ ಸುಲಿಯಲು ಕೊಟ್ಟಿದ್ದರು. ಬರ್ನಾಡೆಟ್ ಮೀನಿನ ಚರ್ಮ ಸುಲಿದು, ಈರುಳ್ಳಿ, ಟೊಮೆಟೊ, ಕೆಂಪು ಮೆಣಸಿನ ಗೊಜ್ಜು ಹಾಕಿ, ಮೇಲೆ ತಲೆಯನ್ನು ಇಡಿಯಾಗಿ ಕೂರಿಸಿದಳು. ಲಯೊನೆಲ್ ಮಂಡಿಯೂರಿ ಟೈಲ್ಸ್ ಹಾಕುತ್ತಾ ಬಂದ. ಅವನು ಮುಂದೆ ಬಂದಂತೆ ಅವಳು ಪಾತ್ರೆ ಕದಲಿಸದೆ ಬರಿ ಕಾಲು ಎತ್ತಿ ಜಾಗ ಬಿಡುತ್ತಿದ್ದಳು. ಇಬ್ಬರ ನಡುವೆ ಆದ ಮಾತು ಇಷ್ಟೇ.

"ಉಪ್ಪು ನೋಡು."

"ಕೈ ಸಿಮೆಂಟಾಗಿದೆ."

ಅವಳು ಚಮಚ ಊದಿ ಅವನ ಬಾಯಿಗೆ ಹಿಡಿದಳು. ಹೊರೇಸ್ ಆಲೂಗಡ್ಡೆಯಿಂದ ತಲೆ ಎತ್ತಲಿಲ್ಲ.

ಲಯೊನೆಲನ ಕಾರನ್ನು ನಾಳೆ ತಂದರಾಯಿತೆಂದು ಬಂಡೆಗಳ ಬಳಿಯೇ ಬಿಟ್ಟು, ಐದಕ್ಕೆ ಮೂವರೂ ಅವಳ ಗಾಡಿಯಲ್ಲಿ ಮಾವನ ಮನೆ ಮುಟ್ಟಿದರು. ಗೋಡೆಯ ಕಡೆ ತಿರುಗಿದ್ದ ಮುದುಕರು ಮೊದಲು ವಾಸನೆಗೆ ಅರ್ಧ ತಿರುಗಿದರು, ಸೊಸೆಯ ದನಿಗೆ ಪೂರ್ತಿ ತಿರುಗಿದರು. ಬಟ್ಟಲಲ್ಲಿ ಟಾಟಾಗ್ ಅವರನ್ನೇ ನೋಡಿ ಹಲ್ಲು ಕಿರಿಯುತ್ತಿತ್ತು. ಅವರು ಕೆನ್ನೆ, ತುಟಿ, ಕಣ್ಣಿನ ಸುತ್ತಲಿನ ಅಂಟು ಮಾಂಸ ಎಲ್ಲ ಮುಗಿಸಿ, ಬ್ರೆಡ್ಡಿನಿಂದ ಬಟ್ಟಲು ಒರೆಸಿ, ಬೆರಳು ನೆಕ್ಕಿ ಅಳಿಯನ ಕಡೆ ನೋಡಿದರು.

"ಏನು ಚುಚ್ಚಿದ್ರಪ್ಪ?"

"ಅರ್ಧ ಏಡಿ, ಮಾವ."

"ಇಡೀ ಏಡಿ, ಅಪ್ಪ," ಎಂದ ಲಯೊನೆಲ್ ಅದೇ ಉಸಿರಿನಲ್ಲಿ.

ಆ ವಾದ ಕೇಕ್ ಕತ್ತರಿಸುವವರೆಗೂ, ಕತ್ತರಿಸಿದ ಮೇಲೂ ನಡೆಯಿತು. ಎಡಗಡೆ ಕಾಲಿನ ವಾಸನೆಗೆ ಬಂದಿತೋ ಬಲಗಡೆ ಕಾಲಿನ ರುಚಿಗೆ ಬಂದಿತೋ ಎಂದು ಮೀನನ್ನೇ ಕೇಳಬೇಕಾಗಿತ್ತು, ಮೀನು ಮುಗಿದಿತ್ತು. ನಟಾಲಿಯಾ ಗಂಡನಿಗೆ ಹೊಸ ಬೆಲ್ಟ್ ಹುಡುಕಲು ಒಳಗೆ ಹೋದಳು.

ಹೊರಡುವಾಗ ಬರ್ನಾಡೆಟ್ ಖಾಲಿ ಪಾತ್ರೆಯನ್ನು ತನ್ನ ಗಾಡಿಯ ಮುಂದಿನ ಸೀಟಿನಲ್ಲಿಟ್ಟು, ಉರುಳದಂತೆ ಸೀಟ್ ಬೆಲ್ಟ್ ಹಾಕಿದಳು. ಲಯೊನೆಲ್ ಕೋಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಒಳಗಿನ ಸೋಫಾವನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡುತ್ತಿದ್ದ.

"ಇನ್ನೂ ಒಂದು ಸಾಲು ಟೈಲ್ಸ್ ಬಾಕಿ ಇದೆ," ಎಂದಳು ಅವಳು ಇಂಜಿನ್ ಶುರುಮಾಡುತ್ತಾ. "ಹಿಂದೆ ಕೂತ್ಕೋ. ಸೀಟಿನ ಮೇಲೆ ಕಾಲಿಡಬೇಡ."