ದೇವರ ಗೂಡಿನ ಚಾಕ್ಲೇಟು

ಅಣಬೆಯಲ್ಲಿ ದೇವರನ್ನು ಕಾಣುವವರ ಮೇಲೆ ನನಗೆ ಸಿಟ್ಟಿರಲಿಲ್ಲ. ಓಕ್‌ಲೆಂಡಿನ ಗುಡ್ಡದ ಮೇಲಿನ ಒಂದು ಮನೆಯಲ್ಲಿ ತಿಂಗಳಿಗೊಮ್ಮೆ ಸೇರಿ, ಅಮಲೇರಿಸುವ ಅಣಬೆ ತಿಂದು, ಅತ್ತು ಹಗುರಾಗಿ ಬರುವುದು ಅವರವರ ಇಷ್ಟ. ನನ್ನ ಗಂಡ ರಘುವೂ ಒಂದು ವರ್ಷದಿಂದ ಹೋಗುತ್ತಿದ್ದ. ಆದರೆ ಆ ಅಣಬೆಯ ಪುಡಿ ಬೆರೆಸಿದ ಚಾಕ್ಲೇಟನ್ನು ತಂದು ನಮ್ಮ ಯೂನಿಯನ್ ಸಿಟಿ ಮನೆಯ ದೇವರ ಗೂಡಿನಲ್ಲಿ ಇಟ್ಟನಲ್ಲ, ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಪವಿತ್ರವಾದದ್ದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಡಬಾರದು ಅಂತ ಅವರ ಗುಂಪಿನ ಹಿರಿಯಳು ಹೇಳಿದ್ದಳಂತೆ.

ಮಂಡ್ಯದಿಂದ ಈ ಪರದೇಶಕ್ಕೆ ಬಂದಿದ್ದ ನಮ್ಮತ್ತೆ ಲಿಂಗಮ್ಮನಿಗೆ ಇದೆಲ್ಲ ಏನು ಗೊತ್ತು? ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿದರು. ದೇವರ ಮುಂದೆ ಇದ್ದದ್ದು ನೈವೇದ್ಯ, ಪೂಜೆ ಮುಗಿದ ಮೇಲೆ ಅದೇ ಪ್ರಸಾದ. ಕಣ್ಣಿಗೊತ್ತಿಕೊಂಡು ತಿಂದರು. ಪ್ರಸಾದವನ್ನು ಏನು, ಎತ್ತ ಅಂತ ಕೇಳುವ ಹೆಂಗಸಲ್ಲ ಅವರು.

ನಾನು ಆಫೀಸಿನ ಮೀಟಿಂಗು ಮುಗಿಸಿ ಮಹಡಿಯಿಂದ ಕೆಳಗಿಳಿದು ಬಂದಾಗ ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕೂತಿದ್ದರು. ಗೋಡೆ ಉಸಿರಾಡುತ್ತಿದೆ ಅಂದರು. ತೀರಿಹೋದ ಮಾವ ಬಾಗಿಲಲ್ಲಿ ನಿಂತು ನೀರು ಕೇಳುತ್ತಿದ್ದಾರೆ, ಕೊಡೋಣವೆಂದರೆ ಕೈ ಏಳುತ್ತಿಲ್ಲ ಅಂತ ನಡುಗುತ್ತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಗೆ ಓಡಿ ಬಂದ ರಘು ಡಾಕ್ಟರಿಗೆ ನಿಜ ಹೇಳಿದ, ತಾಯಿಗೆ ಮಾತ್ರ ಬಿ.ಪಿ. ಏರಿತ್ತು ಅಂದ. ಸಮಯ ನೋಡಿ ತಾನೇ ಹೇಳುತ್ತೇನೆ ಅಂತ ನನ್ನ ಬಾಯಿ ಮುಚ್ಚಿಸಿದ.

ಅವನ ಸಮಯ ಬರಲೇ ಇಲ್ಲ. ಅತ್ತೆ ದಿನಾ ಬೆಳಿಗ್ಗೆ ಬಾಗಿಲ ಬಳಿ ಒಂದು ಚೊಂಬು ನೀರಿಟ್ಟು ಕಾಯತೊಡಗಿದರು. ಊಟ ಸೇರುತ್ತಿರಲಿಲ್ಲ. ರಘುವಾದರೋ ತಾಯಿಗೆ ದರ್ಶನವಾಗಿದೆ ಅಂತ ಗುಂಪಿನವರಿಗೆಲ್ಲ ಹೇಳಿಕೊಂಡು ಬಂದ. ಅವರು ಆಕೆಯ ಬಾಯಿಂದಲೇ ಕೇಳಬೇಕು ಅಂದರಂತೆ. ಅತ್ತೆಯನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ದಿಂಬುಗಳ ಮೇಲೆ ಸುತ್ತಲೂ ಜನ ಕೂತಿದ್ದರು. ಹಿರಿಯಳು ಅತ್ತೆಯ ಕೈ ಹಿಡಿದುಕೊಂಡು, ಏನು ಕಂಡಿತು ಅಂತ ರಘುವಿನ ಮೂಲಕ ಕೇಳಿದಳು.

"ನಮ್ಮೆಜಮಾನ್ರು ನೀರು ಕೇಳುದ್ರು," ಅಂದರು ಅತ್ತೆ. "ನನ್ ಕೈಲಿ ಕೊಡಕ್ಕಾಗ್ನಿಲ್ಲ. ಅಂಗೇ ಬಾಯೊಣಗುಸ್ಕಂಡು ಹೊಂಟೋದ್ರು."

ರಘು ಅದನ್ನು ಇಂಗ್ಲಿಷಿನಲ್ಲಿ ಹೇಳಿದ: ತಂದೆ ಬಂದರು, ತಾಯಿಗೆ ಆಶೀರ್ವಾದ ಮಾಡಿದರು, ತೃಪ್ತಿಯಿಂದ ಹೊರಟರು. ಕೇಳಿದವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಕೆಲವರು ಅತ್ತರು. ಇವರೆಲ್ಲ ಯಾಕೆ ಅಳುತ್ತಿದ್ದಾರೆ ಅಂತ ಅತ್ತೆ ಮೆಲ್ಲಗೆ ನನ್ನನ್ನು ಕೇಳಿದರು.

ನನಗೆ ತಡೆಯಲಾಗಲಿಲ್ಲ. ಆಕೆ ನಿಜವಾಗಿ ಹೇಳಿದ್ದೇನು ಅಂತ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಆ ಚಾಕ್ಲೇಟಿನಲ್ಲಿ ಇದ್ದದ್ದೇನು ಅಂತ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅಣಬೆ ತನಗೆ ಬೇಕಾದವರನ್ನು ತಾನೇ ಆರಿಸಿಕೊಳ್ಳುತ್ತದೆ ಅಂದಳು ಹಿರಿಯಳು. ಆರಿಸಿಕೊಳ್ಳಲಿಲ್ಲ, ಇವನ ತಲೆಯಿಲ್ಲದ ಕೆಲಸಕ್ಕೆ ಮುದುಕಿಯ ಪ್ರಾಣವೇ ಹೋಗುತ್ತಿತ್ತು ಅಂದೆ. ಅತ್ತೆ ತಮ್ಮ ಕೈ ಬಿಡಿಸಿಕೊಂಡು ಮಗನ ಕಡೆ ತಿರುಗಿದರು.

"ದೇವ್ರ ಗೂಡ್ನಾಗೆ ನೀನೇ ಮಡಗಿದ್ದೇನ್ಲಾ?"

ರಘು ತಲೆ ತಗ್ಗಿಸಿದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ. ಅತ್ತೆ ಬೈಯಲಿಲ್ಲ.

ಮಾರನೆಯ ಬೆಳಿಗ್ಗೆಯೂ ಅತ್ತೆ ಎಂದಿನಂತೆ ಬಾಗಿಲ ಬಳಿ ಚೊಂಬು ನೀರಿಟ್ಟಿದ್ದರು. ದೇವರ ಮುಂದೆ ದೀಪ ಮಾತ್ರ ಹಚ್ಚಿರಲಿಲ್ಲ. ನಾನೇ ಹಚ್ಚಿ, ಸಜ್ಜಿಗೆ ಮಾಡಿ ನೈವೇದ್ಯಕ್ಕಿಟ್ಟು, ಅತ್ತೆಗೆ ತಂದುಕೊಟ್ಟೆ. ಅವರು ಬಲಗೈ ಚಾಚಿದವರು ಹಿಂದಕ್ಕೆ ಎಳೆದುಕೊಂಡರು.

"ಏನೇನ್ ಆಕಿದ್ದೀಯವ್ವ ಇದುಕ್ಕೆ?"

ರವೆ, ಸಕ್ಕರೆ, ತುಪ್ಪ ಅಂದೆ. ಅವರು ನನ್ನ ಮುಖವನ್ನೇ ನೋಡುತ್ತ ಕೂತರು. ಮೊದಲು ನಾನೊಂದು ತುತ್ತು ತಿಂದು ತೋರಿಸಿದ ಮೇಲೆ ತಗೊಂಡು ಬಾಯಿಗೆ ಹಾಕಿಕೊಂಡರು. ಕಣ್ಣಿಗೊತ್ತಿಕೊಳ್ಳಲಿಲ್ಲ.