ವಿಧೇಯಳು, ಅಕ್ಷರ ದುಂಡಗಿದೆ

ನಿವೃತ್ತರಾದ ಮೇಲೆ ಶಾಲೆಯ ಕಡೆ ತಲೆಯೂ ಹಾಕದಿದ್ದ ಲೆಕ್ಕದ ಮೇಷ್ಟ್ರು ಅವತ್ತು ಸ್ಟಾಫ್‌ರೂಮಿಗೆ ಬಂದರು. ಬಂದದ್ದು ಮೊಮ್ಮಗಳ ಕೆಲಸಕ್ಕೆ. ಹುಡುಗಿ ದೊಡ್ಡ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಬೇಕು. ಅಂಕಗಳೇನೋ ಬೇಕಾದಷ್ಟಿದ್ದವು. ಆದರೆ ಆ ಕಾಲೇಜಿನವರು ಅಂಕದ ಜೊತೆಗೆ ಭೌತಶಾಸ್ತ್ರ ಕಲಿಸಿದವರ ಶಿಫಾರಸು ಪತ್ರವನ್ನೂ ಕೇಳುತ್ತಾರೆ. ಭೌತಶಾಸ್ತ್ರದ ಮೇಡಂ ಹಿಂದೆ ಇದೇ ಮೇಷ್ಟ್ರ ಶಿಷ್ಯೆ.

ಮೇಡಂ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಕುರ್ಚಿ ತೋರಿಸಿದಳು. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕಾದ ಗಳಿಗೆ ತಾನಾಗಿ ಬಾಗಿಲಿಗೆ ಬಂದಿತ್ತು.

ಈ ಪತ್ರಗಳಿಗೆ ಒಂದು ಒಳಭಾಷೆಯಿದೆ. ಬರೆಯುವವರಿಗೂ ಓದುವವರಿಗೂ ಅದು ಗೊತ್ತು, ಪಾಪ, ಮಕ್ಕಳಿಗೆ ಮಾತ್ರ ಗೊತ್ತಿಲ್ಲ. 'ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಾಳೆ' ಎಂದು ಬರೆದರೆ ಸೀಟು ಸಿಕ್ಕ ಹಾಗೆಯೇ. 'ಒಳ್ಳೆಯ ನಡತೆ' ಎಂದಷ್ಟೇ ಬರೆದರೆ ಮುಗಿಯಿತು ಕಥೆ.

ಮೇಡಂ ಓದುವ ಕಾಲಕ್ಕೆ ಇಡೀ ಶಾಲೆಗೆ ಅವಳೇ ಮೊದಲು. ಆದರೂ ಸಂದರ್ಶನದಲ್ಲಿ ಒಬ್ಬ ಮಹಾನುಭಾವ ಮೇಷ್ಟ್ರ ಪತ್ರವನ್ನು ಜೋರಾಗಿ ಓದಿ, "ಇಷ್ಟೇನಾ?" ಎಂದು ನಕ್ಕಿದ್ದ. ಸೀಟು ಹೋದದ್ದು ಅವಳ ನೋಟ್ಸ್ ನೋಡಿ ಪಾಸಾಗುತ್ತಿದ್ದ ಸಹಪಾಠಿಗೆ. ಅವನಿಗೆ ಪತ್ರ ಬರೆದವರೂ ಇದೇ ಮೇಷ್ಟ್ರು.

"ನೀನು ಒಂದು ಒಳ್ಳೇ ಪತ್ರ ಬರೀಬೇಕಮ್ಮ."

"ನೀವು ನನಗೆ ಬರೆದುಕೊಟ್ಟಿದ್ರಲ್ಲ ಸಾರ್, ಅದನ್ನೇ ಬರೆದರಾಯ್ತು."

ಮೇಷ್ಟ್ರ ಮುಖ ಅರಳಿತು. "ಏನು ಬರೆದಿದ್ದೆನೋ, ನೆನಪೇ ಇಲ್ಲ ನೋಡು. ಚೆನ್ನಾಗೇ ಬರೆದಿರ್ತೀನಿ."

ನೆನಪೇ ಇಲ್ಲವಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಒಬ್ಬಳ ಬದುಕಿಗೆ ಕಲ್ಲು ಹಾಕಿದ ಮನುಷ್ಯನಿಗೆ ಹಾಕಿದ್ದೇ ನೆನಪಿಲ್ಲ.

"ನನಗೆ ಬಾಯಿಪಾಠ ಇದೆ, ಕೇಳಿ. 'ವಿಧೇಯಳು. ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಅಕ್ಷರ ದುಂಡಗಿದೆ.' ಅಷ್ಟೇ."

ಮೇಷ್ಟ್ರ ಮುಖದ ನೀರಿಳಿಯಿತು. "ಅಯ್ಯೋ, ಅದನ್ನ ಕಳಿಸಿದ್ರೆ ಸೀಟು ಸಿಗಲ್ಲಮ್ಮ."

"ಹೌದು ಸಾರ್. ಸಿಗಲಿಲ್ಲ."

ಅವರು ಮೇಜಿನ ಅಂಚನ್ನು ಸವರುತ್ತ ಕೂತರು. "ಆಗೆಲ್ಲ ಹೆಣ್ಣುಮಕ್ಕಳಿಗೆ ಹಾಗೇ ಬರೀತಿದ್ವಿ. ಮದುವೆ ಆಗಿ ಹೋಗೋರಿಗೆ ಯಾಕೆ ಸೀಟು ದಂಡ ಅಂತ..."

"ಮೊಮ್ಮಗಳೂ ಹೆಣ್ಣೇ ಅಲ್ವಾ ಸಾರ್?"

"ನನ್ನ ಮೇಲಿನ ಸಿಟ್ಟನ್ನ ಆ ಮಗು ಮೇಲೆ ತೀರಿಸ್ಕೋಬೇಡ, ದಮ್ಮಯ್ಯ."

"ಕಾಲೇಜಿನವರು ನೇರವಾಗಿ ನನ್ನನ್ನೇ ಕೇಳಿದ್ರು ಸಾರ್. ಪತ್ರ ಹೋದ ವಾರವೇ ಕಳಿಸಾಯ್ತು."

"ಏನು ಬರೆದೆ?"

"ಲಕೋಟೆ ಅಂಟಿಸಿದ ಮೇಲೆ ಕೇಳಬಾರದು ಅಂತ ನೀವೇ ನನಗೆ ಗದರಿದ್ರಿ."

ಮೇಷ್ಟ್ರು ಎದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊರಗೆ ಹೋದರು.

ಅವಳು ಬರೆದದ್ದು ಪೂರ್ತಿ ಎರಡು ಪುಟ. ಇಂಥ ವಿದ್ಯಾರ್ಥಿನಿಯನ್ನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ, ನಾನು ಬೋರ್ಡಿನ ಮೇಲೆ ಮಾಡಿದ ತಪ್ಪನ್ನು ಎದ್ದು ನಿಂತು ತಿದ್ದಿದವಳು ಎಂದೆಲ್ಲ ಬರೆದಿದ್ದಳು. ಒಂದು ಅಕ್ಷರವೂ ಸುಳ್ಳಲ್ಲ. ಹುಡುಗಿಯ ಹೊಟ್ಟೆಯ ಮೇಲೆ ಹೊಡೆಯಲು ಅವಳೇನು ಲೆಕ್ಕದ ಮೇಷ್ಟ್ರೇ?

ಕಿಟಕಿಯಿಂದ ನೋಡಿದರೆ ಮುದುಕರು ಗೇಟಿನ ಹತ್ತಿರ ನಿಂತುಬಿಟ್ಟಿದ್ದರು. ಕೂಗಿ ಕರೆದು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಬೇಡ. ಸೀಟಿನ ಪಟ್ಟಿ ಬರುವುದು ಬೇಸಿಗೆ ಕಳೆದ ಮೇಲೆ. ಅಲ್ಲಿಯವರೆಗೆ ಆ ಮೂರು ಸಾಲುಗಳನ್ನು ಅವರೂ ಬಾಯಿಪಾಠ ಮಾಡಲಿ.