ಸೋಮಾರಿ ಉಳಿಸಿದ ದನಿ

ನಮ್ಮ ಆಸ್ಪತ್ರೆಯ ಡೇಟಾ ಮೂರು ಕಡೆ ಇರುತ್ತದೆ. ಮೊದಲನೆಯದು ನೆಲಮಾಳಿಗೆಯಲ್ಲಿ, ಎರಡನೆಯದು ಪಕ್ಕದ ಕಟ್ಟಡದಲ್ಲಿ, ಮೂರನೆಯದು ದೂರದ ಊರಿನಲ್ಲಿ. ಮೊದಲನೆಯದರಲ್ಲಿ ಆದದ್ದೆಲ್ಲ ಉಳಿದೆರಡಕ್ಕೂ ತಾನಾಗಿ ನಕಲಾಗುತ್ತದೆ, ಆದರೆ ಕೂಡಲೇ ಅಲ್ಲ; ಸರದಿಯಲ್ಲಿ ನಿಂತು ಒಂದೊಂದಾಗಿ ಹೋಗುತ್ತದೆ. ಮೂರನೆಯದು ಸದಾ ಹಿಂದೆ. ಅದಕ್ಕೆ ನಾವಿಟ್ಟ ಹೆಸರು ಸೋಮಾರಿ. ಮೂರೂ ಒಂದೇ ಮಾತು ಹೇಳುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸೋಮಾರಿಯನ್ನು ದಿನಾ ಬೈಯುವುದೂ ನನ್ನ ಕೆಲಸವೇ.

ಆ ಬೆಳಿಗ್ಗೆ ಮಾತ್ರ ನಾನು ಅದರ ಕಾಲು ಹಿಡಿದೆ.

ಅಕ್ಕನಿಗೆ ಗಂಟಲಿನಲ್ಲಿ ಗಡ್ಡೆ. ಮೊನ್ನೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೆ ಮುಂಚೆ ವಾರಗಟ್ಟಲೆ ಧ್ವನಿ ವಿಭಾಗದಲ್ಲಿ ಕೂರಿಸಿ ಅವಳ ಮಾತು ರೆಕಾರ್ಡ್ ಮಾಡಿದ್ದರು, ಮುಂದೆ ಅವಳು ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ದನಿಯಲ್ಲಿ ಹೇಳಲಿ ಎಂದು. ಕೊನೆಯ ಸಂಜೆ ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬಳೇ ಮಾತಾಡಿದಳು, ಇನ್ನೂ ತೊದಲಲೂ ಬಾರದ ಮಗಳಿಗಾಗಿ. ಏನು ಹೇಳಿದಳೋ, ಯಾರೂ ಕೇಳಿಲ್ಲ.

ರೆಕಾರ್ಡ್ ಮಾಡುವಾಕೆ ಮೊದಲ ದಿನ ಮೈಕು ಸರಿಯಿದೆಯೇ ನೋಡಲು ‘ಪರೀಕ್ಷೆ’ ಎಂಬ ಫೋಲ್ಡರ್ ತೆರೆದಿದ್ದಳು. ಅಕ್ಕ ಬಾಯಿ ತೆರೆದ ಮೇಲೆ ತಡೆಯುವವರುಂಟೇ? ಅಲ್ಲೇ ಮುಂದುವರಿಸಿದರು, ಕೊನೆಯವರೆಗೂ ಅಲ್ಲೇ. ನಮ್ಮಲ್ಲಿ ಜಾಗ ಸಾಲದಾದಾಗ ಮೊದಲು ಗುಡಿಸುವುದು ಪರೀಕ್ಷೆಯ ಫೋಲ್ಡರುಗಳನ್ನೇ. ಆ ಬೆಳಿಗ್ಗೆ ಮೀಸೆ ಗುಡಿಸಿದ. ಮೀಸೆ ಎಂದರೆ ನನ್ನ ಸಹೋದ್ಯೋಗಿ, ಮೀಸೆ ಬೋಳಿಸಿ ವರ್ಷಗಳಾದರೂ ಹೆಸರು ಹೋಗದವನು.

ಧ್ವನಿ ವಿಭಾಗದಿಂದ ಫೋನ್ ಬಂತು. “ನಿಮ್ಮಕ್ಕಂದು ಒಂದೂ ಕಾಣ್ತಿಲ್ವಲ್ರೀ?”

ನಾನೇ ತೆರೆದು ನೋಡಿದೆ. ಮೊದಲನೆಯದು ಖಾಲಿ. ಎರಡನೆಯದಕ್ಕೂ ಅಳಿಸುವ ಆಜ್ಞೆ ಮುಟ್ಟಿ, ಅದೂ ಖಾಲಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸೋಮಾರಿಗೂ ಅದು ಹೊರಟಿತ್ತು. ಆ ಊರಿಗೆ ಹೋಗುವ ನೆಟ್‌ವರ್ಕ್ ಕೊಂಡಿ ಮೂರು ದಿನ ಕೆಟ್ಟಿದ್ದು ಆಗಷ್ಟೇ ಸರಿಹೋಗಿ, ರಾಶಿಬಿದ್ದ ಸರದಿ ಸರಸರನೆ ಕರಗುತ್ತಿತ್ತು.

“ಕೊಂಡಿ ಕತ್ತರಿಸೋ!” ಎಂದು ಕಿರುಚಿದೆ.

“ಈಗ ತಾನೆ ಸರಿಹೋಗಿದೆ ಕಣೇ,” ಎಂದ ಮೀಸೆ. “ಮೇಲಿನವರನ್ನ ಒಂದ್ಮಾತು ಕೇಳೋಣ.”

“ನೀನು ಕೇಳ್ತಾ ಕೂತ್ಕೋ. ಅಷ್ಟರಲ್ಲಿ ನಮ್ಮಕ್ಕ ಇನ್ನೊಂದ್ಸಲ ಮೂಕಿ ಆಗ್ತಾಳೆ.”

ಅವನನ್ನು ತಳ್ಳಿ ನಾನೇ ನಿಲ್ಲಿಸಿದೆ. ಅವಸರಕ್ಕೆ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಸೋಮಾರಿಯೊಳಗೆ ನೋಡಿದರೆ, ಫೋಲ್ಡರ್ ಇತ್ತು! ಒಂದನ್ನು ಒತ್ತಿದೆ. “ಗಾಳಿ ಜೋರಾಗಿದೆ, ಕಿಟಕಿ ಹಾಕು,” ಎಂದಳು ಅಕ್ಕ, ಓದಲು ಕೊಟ್ಟ ವಾಕ್ಯದಲ್ಲೂ ನನ್ನನ್ನು ಗದರುವ ಹಾಗೆ. ನಾನು ಗೊಳೋ ಎಂದು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ಕೆಳಗೆ ನೋಡಿದೆ. ಕೊನೆಯ ಸಂಜೆಯದು ಇರಲಿಲ್ಲ. ಅದಿನ್ನೂ ಸರದಿಯಲ್ಲಿತ್ತು, ಅಳಿಸುವ ಆಜ್ಞೆಗಿಂತ ಮುಂದೆಯೇ.

“ಅದೊಂದನ್ನ ದಾಟೋಕೆ ಬಿಟ್ಟು ಮತ್ತೆ ನಿಲ್ಸಿದ್ರಾಯ್ತು,” ಎಂದ ಮೀಸೆಯ ಮುಖ ಅರಳಿತು.

ಬಿಟ್ಟೆವು. ಆದರೆ ಸರದಿಯಲ್ಲಿ ನಿಲ್ಲುವುದು ದನಿಯಲ್ಲ, ಅದರ ವಿಳಾಸ ಮಾತ್ರ. ವಿಳಾಸ ಹಿಡಿದು ಹೋದರೆ ಅಲ್ಲಿ ಮನೆಯೇ ಇಲ್ಲ. ಖಾಲಿಯಾದ ಜಾಗದ ಮೇಲೆ ಹೊಸ ಸ್ಕ್ಯಾನುಗಳು ಆಗಲೇ ಬಂದು ಕೂತಿದ್ದವು, ಎರಡು ಕಡೆಯೂ. ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆವು, ಗೊತ್ತಿಲ್ಲದ್ದನ್ನೂ. ಮೀಸೆ ಕೊನೆಗೆ ತಲೆಯ ಮೇಲೆ ಕೈ ಹೊತ್ತು ಕೂತ. ಸೋಮಾರಿಯ ನಿಧಾನ ಉಳಿದದ್ದನ್ನೆಲ್ಲ ಉಳಿಸಿ, ಅದೊಂದನ್ನು ನುಂಗಿತ್ತು. ಮೀಸೆಯನ್ನು ಬೈಯಲೂ ನನಗೆ ತ್ರಾಣವಿರಲಿಲ್ಲ.

ಮಧ್ಯಾಹ್ನ ಮೇಲಿನವರು ಬಂದು ತಲೆಯ ಮೇಲೆ ನಿಂತರು. ಇಡೀ ಆಸ್ಪತ್ರೆಯ ದಾಖಲೆ ಕಾಯುತ್ತಿತ್ತು, ಕೊಂಡಿ ಸೇರಿಸಲೇಬೇಕು. ಪರದೆ ಕೇಳಿತು: ಈ ಫೋಲ್ಡರಿನ ಮಟ್ಟಿಗೆ ಮೂರರಲ್ಲಿ ಯಾವುದು ಸತ್ಯ? ಸೋಮಾರಿ ಎಂದು ಒತ್ತಿದೆ. ಸರದಿಯಲ್ಲಿ ಉಳಿದಿದ್ದ ಆ ಒಂದು ವಿಳಾಸವೂ ಮಾಯವಾಯಿತು. ಮೂರೂ ಹಸಿರಾದವು. ಆ ಸಂಜೆ ಅಕ್ಕ ಏನೂ ಮಾತಾಡಲೇ ಇಲ್ಲವೆಂದು ಮೂರೂ ಈಗ ಒಪ್ಪಿಕೊಂಡಿದ್ದವು.

“ಸರಿಹೋಯ್ತಲ್ಲ ಬಿಡಿ,” ಎಂದರು ಮೇಲಿನವರು. ಕೆನ್ನೆಗೆ ಬಾರಿಸೋಣ ಎನ್ನಿಸಿತು.

ಉಳಿದ ದನಿಯನ್ನೆಲ್ಲ ಒಂದು ಪುಟ್ಟ ಸ್ಪೀಕರಿಗೆ ತುಂಬಿಕೊಂಡು ವಾರ್ಡಿಗೆ ಹೋದೆ. ಭಾವ ಮಗುವನ್ನೆತ್ತಿಕೊಂಡು ಮಂಚದ ಪಕ್ಕ ನಿಂತಿದ್ದರು. ಅಕ್ಕ ದಿಂಬಿಗೊರಗಿ ಕೂತಿದ್ದಳು, ಕುತ್ತಿಗೆಯ ತುಂಬ ಪಟ್ಟಿ. ನನ್ನ ಕೈಯಲ್ಲಿದ್ದ ಸ್ಪೀಕರ್ ನೋಡಿದ್ದೇ ಅವಳ ಕಣ್ಣು ಹೊಳೆಯಿತು. ಹೇಳಿಬಿಡಬೇಕೆಂದು ಮಂಚದ ಅಂಚಿನಲ್ಲಿ ಕೂತೆ. ಅಕ್ಕ ಮಗುವನ್ನು ಇಸಿದುಕೊಂಡು ಮಡಿಲಲ್ಲಿ ಕೂರಿಸಿಕೊಂಡಳು. ಅದರ ಮುಖವನ್ನು ಮೆಲ್ಲಗೆ ಸ್ಪೀಕರಿನ ಕಡೆ ತಿರುಗಿಸಿ, ಹಾಕು ಎಂದು ನನಗೆ ಕೈಸನ್ನೆ ಮಾಡಿದಳು.